ಕೋಟಿನ ಮುತ್ಯಾ

ತಪ್ಪು ನನ್ನದು. ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹಗುರಾಗಿ ಹೇಳಬಹುದು. ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯ ದಿನ, ಹೋಳಿಗೆ ಆರುತ್ತಿದ್ದಾಗ, ಮನೆಯ ಮಂದಿಯೆಲ್ಲ ಮಣೆಯ ಸುತ್ತ ಜಗಳಕ್ಕೂ ಅಳುವಿಗೂ ನಡುವೆ ಎಲ್ಲೋ ನಿಂತಿದ್ದಾಗ, ನಾನು ಒಂದು ಚಿತ್ರದ ನಕಲು ಮಾಡಿ ತೋರಿಸಿದೆ. ಬ್ರಶ್ಶು ಹಿಡಿದಲ್ಲ, ಮೈಯಿಂದ. ಚಿತ್ರದಲ್ಲಿದ್ದವರ ಹಾಗೆ ಕುಳಿತು, ಮೂಗು ಸೊಟ್ಟ ಮಾಡಿ, ಕಣ್ಣುಗಳನ್ನು ಒಂದೊಂದು ದಿಕ್ಕಿಗೆ ಕಳಿಸಿ, ನಾಲ್ಕು ಜನರನ್ನು ನಗಿಸಲು ಹೊರಟೆ. ಚಿತ್ರದಲ್ಲಿದ್ದವರು ತೀರಿಹೋದ ಮುತ್ಯಾ, ಅಂದರೆ ನನ್ನ ಅಪ್ಪನ ಅಪ್ಪ. ಬರೆದವನು ನನ್ನ ಕಾಕಾ, ಅಪ್ಪನ ತಮ್ಮ. ಆ ಚಿತ್ರಕ್ಕಾಗಿ ತಿಂಗಳುಗಟ್ಟಲೆ ಕಾದು ಕುಳಿತವಳು ಆಯಿ, ಮುತ್ಯಾನ ಹೆಂಡತಿ. ಹನ್ನೊಂದು ವರ್ಷದ ಹುಡುಗನಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಯಾರಾದರೂ ನನ್ನ ಪರವಾಗಿ ವಾದಿಸಬಹುದು. ನನಗೆ ಚೆನ್ನಾಗಿ ತಿಳಿದಿತ್ತು. ತಿಳಿದೇ ಮಾಡಿದೆ. ನಗಿಸುವ ಅವಕಾಶ ಕಂಡರೆ ನನ್ನ ಕೈಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಈಗಲೂ ಕೇಳುವುದಿಲ್ಲ, ಈಗ ಅದಕ್ಕೆ ಮದುವೆ ಮನೆಯವರು ಕರೆದು ಮೈಕು ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ಇಪ್ಪತ್ಮೂರನೆಯ ವಯಸ್ಸಿಗೇ ಬಾಲ್ಯದ ನೆನಪು ಬರೆಯಲು ಕುಳಿತಿದ್ದೇನೆಂದು ಗೊತ್ತಾದಾಗ ಅವ್ವ ಒಗ್ಗರಣೆಯ ಸೌಟನ್ನು ಕೆಳಗಿಡದೆಯೇ ಕೇಳಿದಳು:

"ನಿನ್ನ ಬಾಲ್ಯ ಇನ್ನೂ ಮುಗದಿಲ್ಲಲ್ಲೋ. ಮುಗೀಲಾರದ್ದನ್ನ ಹ್ಯಾಂಗ ಬರೀತಿ?"

ಬರೆದರಾದರೂ ಮುಗಿದೀತು ಅಂದೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ತೆಲುಗರ ರಾಜಧಾನಿಯಲ್ಲಿ, ನಾರಾಯಣಗೂಡದ ಒಂದು ಓಣಿಯಲ್ಲಿ, ಮೂರನೆಯ ಮಹಡಿಯ ಮೇಲೆ. ಓಣಿಯ ತುಂಬ ಕೋಚಿಂಗ್ ಸೆಂಟರುಗಳ ಬೋರ್ಡುಗಳು, ಬೋರ್ಡುಗಳ ತುಂಬ ರ‍್ಯಾಂಕು ಬಂದ ಮಕ್ಕಳ ಮುಖಗಳು. ಸಾಲಾಗಿ ಅಂಟಿಸಿದ ಆ ಮುಖಗಳಲ್ಲಿ ಒಂದೂ ನಗುತ್ತಿರಲಿಲ್ಲ. ರ‍್ಯಾಂಕು ಬಂದರೆ ಹೀಗಾಗುತ್ತದೆಂದು ಹೆದರಿಯೇ ನಾನು ಓದಲಿಲ್ಲ ಎಂದು ಅಪ್ಪನಿಗೆ ಬಹಳ ಸಲ ವಿವರಿಸಿದ್ದೇನೆ. ಮನೆಯೊಳಗೆ ಎರಡು ಕೋಣೆ, ಒಂದು ಪಡಸಾಲೆ, ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕಾದಷ್ಟು ದೊಡ್ಡ ಅಡುಗೆಮನೆ. ತಾರಸಿಯ ಮೇಲೆ ನೀರಿನ ಟಾಕಿಗೆ ಒರಗಿಕೊಂಡ ತಗಡಿನ ಕೋಣೆ ಕಾಕಾನದು. ಮುತ್ಯಾ ವಿಜಯಪುರದ ಕಡೆಯಿಂದ ಬಂದು ಅಬಿಡ್ಸಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಕಾಲದಿಂದ ನಮ್ಮವರು ಹೊರಗೆ ತೆಲುಗು, ಆಟೋದವರ ಜೊತೆ ಹಿಂದಿ, ಹೊಸ್ತಿಲು ದಾಟಿ ಚಪ್ಪಲಿ ಬಿಟ್ಟ ಮೇಲೆ ಕನ್ನಡ. ಬೆಳಿಗ್ಗೆ ಆಯಿ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕುಳಿತು ರೊಟ್ಟಿ ಬಡಿಯಲು ಶುರು ಮಾಡಿದರೆ ಕೆಳಗಿನ ಮನೆಯ ಪದ್ಮಕ್ಕ ಗಡಿಯಾರ ನೋಡುತ್ತಿರಲಿಲ್ಲ. ಆ ಸದ್ದಿಗೇ ಮಕ್ಕಳನ್ನು ಸ್ಕೂಲಿಗೆ ಎಬ್ಬಿಸುತ್ತಿದ್ದಳು. ಆಯಿಗೆ ಹೊಟ್ಟೆ ನೋವು ಬಂದು ರೊಟ್ಟಿ ತಪ್ಪಿದ ದಿನ ಕೆಳಗಿನ ಮಕ್ಕಳಿಗೂ ಸ್ಕೂಲು ತಪ್ಪುತ್ತಿತ್ತು. ಇದನ್ನು ಕಂಡುಕೊಂಡ ಮೇಲೆ ಆ ಮಕ್ಕಳು ನನಗೆ ಪೇರಲ ಹಣ್ಣು ತಂದುಕೊಟ್ಟು, ನಿಮ್ಮ ಅಜ್ಜಿಯ ಹೊಟ್ಟೆ ಹೇಗಿದೆ ಎಂದು ಆಗಾಗ ವಿಚಾರಿಸುತ್ತಿದ್ದವು.

ಆ ಮನೆಯಲ್ಲಿ ನನ್ನ ಉದ್ಯೋಗ ನಕಲು. ಯಾರ ನಕಲು ಮಾಡಲೂ ಅವರ ಪೂರ್ತಿ ಮುಖ ಬೇಕಾಗುವುದಿಲ್ಲ ಎಂಬುದು ನನಗೆ ಬಹಳ ಬೇಗ ಗೊತ್ತಾಯಿತು. ಅಪ್ಪನನ್ನೇ ತೆಗೆದುಕೊಳ್ಳಿ. ಔಷಧದ ಗೋದಾಮಿನಲ್ಲಿ ಅವನ ಕೆಲಸ. ಮ್ಯಾನೇಜರ ಫೋನು ಬಂದರೆ ಊಟಕ್ಕೆ ಕುಳಿತವನೂ ಎದ್ದು ನಿಂತು, ಎಡಗೈಯಿಂದ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಆಮೇಲೆ ಹಲೋ ಅನ್ನುತ್ತಿದ್ದ. ಫೋನಿನಲ್ಲಿ ಗುಂಡಿ ಯಾರಿಗೆ ಕಾಣುತ್ತದೆ? ಆದರೆ ಆ ಗುಂಡಿಯೊಂದೇ ನನಗೆ ಸಾಕಿತ್ತು. ನಾನು ಸುಮ್ಮನೆ ಎದ್ದು ಗುಂಡಿ ಹಾಕಿಕೊಂಡರೆ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಓಡುತ್ತಿದ್ದಳು. ಉಪ್ಪಲ್‌ನಲ್ಲಿದ್ದ ಶಾಂತಾ ಅತ್ತಿ, ಅಪ್ಪನ ಅಕ್ಕ, ಮನೆಗೆ ಬಂದರೆ ಮಾತಿಗಿಂತ ಮೊದಲು ಒಲೆಯ ಮೇಲಿನ ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡುತ್ತಿದ್ದಳು. ಖಾಲಿ ಕೈಯಲ್ಲಿ ಮುಚ್ಚಳ ಎತ್ತಿ, ಮೂಗು ಅರಳಿಸಿ, "ಹೂಂ" ಅಂದರೆ ಅತ್ತಿ ಬಂದು ನಿಂತ ಹಾಗೇ. ನನ್ನ ನಕಲು ಮಾಡಬೇಕಾದರೆ ಏನು ಬೇಕು ಎಂದು ಒಮ್ಮೆ ಕಾಕಾನನ್ನು ಕೇಳಿದೆ. ಬಾಯಿ ಒಂದಿದ್ದರೆ ಸಾಕು, ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ಬರುತ್ತದೆ ಅಂದ.

ಆಯಿಯ ನಕಲಿಗೆ ನಾನು ಆರಿಸಿಕೊಂಡದ್ದು ಸೆರಗು. ಆಯಿ ಮನೆಯಲ್ಲಿ ತಲೆಯ ಮೇಲೆ ಸೆರಗು ಹೊದೆಯುವವಳಲ್ಲ. ಹೊರಗಿನ ಗಂಡಸರು ಬಂದರೆ, ಗ್ಯಾಸಿನವನಾದರೂ ಸರಿ, ತಟ್ಟನೆ ಎಳೆದುಕೊಳ್ಳುತ್ತಿದ್ದಳು. ಅದು ಬಿಟ್ಟರೆ ವರ್ಷಕ್ಕೊಮ್ಮೆ, ಹಿರಿಯರ ಅಮಾವಾಸ್ಯೆಯಂದು, ಮುತ್ಯಾನ ಫೋಟೋದ ಮುಂದೆ. ಅಂದು ಪಡಸಾಲೆಯ ಗೋಡೆಯಿಂದ ಫೋಟೋ ಇಳಿಸಿ, ಒರೆಸಿ, ಮಣೆಯ ಮೇಲಿಟ್ಟು, ಹೂವು ಹಾಕಿ, ಮುಂದೆ ಬಾಳೆಯೆಲೆ ಹಾಸುತ್ತಿದ್ದರು. ಆಯಿ ಹುಬ್ಬಿನವರೆಗೆ ಸೆರಗು ಎಳೆದುಕೊಂಡು, ಮುಖ ಮೇಲೆತ್ತದೆ, ಹೋಳಿಗೆ, ಬದನೆಕಾಯಿ ಪಲ್ಯ, ಪುಂಡಿಪಲ್ಯ, ಕಟ್ಟಿನ ಸಾರು ಎಲ್ಲ ಬಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು. ಗಂಡ ಹೋಗಿ ಇಷ್ಟು ವರ್ಷವಾದರೂ ಎಷ್ಟು ಭಕ್ತಿ ನೋಡಿ ಎಂದು ಅತ್ತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಮರುದಿನ ಟವೆಲ್ಲು ತಲೆಗೆ ಹಾಕಿಕೊಂಡು, ನೆಲ ನೋಡುತ್ತ, ಸ್ಕೂಲಿನ ಡಬ್ಬಿಯನ್ನು ಅಪ್ಪನ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಆಯಿಯೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು.

ಆ ಫೋಟೋ ಈಗ ನಮ್ಮ ಮನೆಯಲ್ಲಿಲ್ಲ, ಉಪ್ಪಲ್‌ನಲ್ಲಿ ಅತ್ತಿಯ ಮನೆಯ ಗೋಡೆಯ ಮೇಲಿದೆ. ಅದು ಅಲ್ಲಿಗೆ ಹೋದದ್ದೇ ಈ ಕಥೆ, ಆದ್ದರಿಂದ ಅದನ್ನು ಸ್ವಲ್ಪ ನೋಡಬೇಕು. ನಾನು ಹುಟ್ಟುವ ಮೊದಲೇ ಮುತ್ಯಾ ಹೋಗಿದ್ದರು. ಇದ್ದದ್ದು ರೇಷನ್ ಕಾರ್ಡಿನ ಮೇಲಿನ ಒಂದೇ ಒಂದು ಚಿಕ್ಕ ಫೋಟೋ. ಅದರಲ್ಲಿ ಅವರ ಕಣ್ಣು ಮುಚ್ಚಿಹೋಗಿತ್ತು, ಗದ್ದದ ಮೇಲೆ ಸರ್ಕಾರದ ಠಸ್ಸೆ ಕುಳಿತಿತ್ತು. ಅತ್ತಿ ಅದನ್ನೇ ಸ್ಟುಡಿಯೋಕ್ಕೆ ಒಯ್ದು ದೊಡ್ಡದು ಮಾಡಿಸಿದಳು. ಸ್ಟುಡಿಯೋದವನು ಠಸ್ಸೆ ಅಳಿಸಿ ತನ್ನ ಮನಸ್ಸಿಗೆ ಬಂದ ಗದ್ದ ಕೊಟ್ಟ. ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಬರೆದ. ಕೂದಲಿಗೆ ಕಪ್ಪು ಬಳಿದ. ಕೊರಳಿನಿಂದ ಕೆಳಗೆ ತನ್ನಲ್ಲಿ ಸಿದ್ಧವಿದ್ದ ಕೋಟು, ಟೈ, ಕುರ್ಚಿ ಜೋಡಿಸಿದ. ಅದೇ ಕೋಟು, ಅದೇ ಕುರ್ಚಿ ನಮ್ಮ ಓಣಿಯ ಇನ್ನೂ ಇಬ್ಬರು ತೀರಿಕೊಂಡವರಿಗೆ ಇದ್ದುದನ್ನು ನಾನೇ ಕಂಡಿದ್ದೇನೆ. ಮೂವರೂ ಒಂದೇ ಕೋಟನ್ನು ಪಾಳಿಯಲ್ಲಿ ಹಾಕಿಕೊಳ್ಳುತ್ತಾರೆಂದು ನನ್ನ ಗುಮಾನಿ. ಇಷ್ಟಾಗಿಯೂ ಅದಕ್ಕೆ ನಾವು ಫೋಟೋ ಅನ್ನುತ್ತಿದ್ದೆವು, ಫೋಟೋ ಅಂದಮೇಲೆ ಅದು ಖರೇ ಎಂದು ನಂಬಿದ್ದೆವು. ನನಗೆ ಗೊತ್ತಿದ್ದ ಮುತ್ಯಾ ಅವರೇ: ದಪ್ಪ ಗದ್ದದ, ಯಾರ ಮೇಲೂ ಸಿಟ್ಟಿಲ್ಲದ, ಯಾರನ್ನೂ ನೋಡದ ಒಬ್ಬ ಬ್ಯಾಂಕಿನ ಸಾಹೇಬರು.

ಕಾಕಾ ಬೇರೆ ತರಹದ ಖರೇ ಹುಡುಕುವವನು. ಹೆಸರು ಪ್ರಭು, ಆಯಿಗೂ ಅತ್ತಿಗೂ ಪ್ರಭ್ಯಾ. ನಮ್ಮ ಓಣಿಯ ತುದಿಯ ಒಂದು ಕೋಚಿಂಗ್ ಸೆಂಟರಿನಲ್ಲಿ, ಕಟ್ಟಡಗಳ ವಿನ್ಯಾಸ ಕಲಿಯುವ ಕಾಲೇಜಿಗೆ ಹೋಗಬೇಕೆನ್ನುವ ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತಿದ್ದ. ಡಬ್ಬಿ, ಡಬ್ಬಿಯ ನೆರಳು, ಮೆಟ್ಟಿಲು, ಮೆಟ್ಟಿಲಿನ ನೆರಳು. ಮಕ್ಕಳು ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲಿನಿಂದ ಗಾಳಿಯನ್ನು ಅಳೆಯುತ್ತಿದ್ದರು. ಕಿಟಕಿಯಿಂದ ನೋಡಿದರೆ ಎಲ್ಲರೂ ಸೇರಿ ಯಾರಿಗೋ ಕಣ್ಣು ಹೊಡೆಯುತ್ತಿರುವ ಹಾಗೆ. ಮನೆಗೆ ಬಂದು ತಗಡಿನ ಕೋಣೆ ಸೇರಿದರೆ ಕಾಕಾ ಅದನ್ನೆಲ್ಲ ಮುರಿಯುತ್ತಿದ್ದ. ಅವನ ಚಿತ್ರದಲ್ಲಿ ಊಟದ ತಾಟು ಮೇಲಿನಿಂದ ನೋಡಿದ ಹಾಗೆ ದುಂಡಗೆ, ಪಕ್ಕದ ನೀರಿನ ಚರಿಗೆ ಬದಿಯಿಂದ ನೋಡಿದ ಹಾಗೆ ಉದ್ದಕ್ಕೆ, ಅವ್ವನ ಬೆನ್ನೂ ಮುಖವೂ ಒಂದೇ ಸೀರೆಯಲ್ಲಿ. ಅಂಥದೊಂದನ್ನು ನೋಡಿ ಅವ್ವ ಬೇಸರ ಮಾಡಿಕೊಳ್ಳಲಿಲ್ಲ. ಆ ತಾಟಿಗೆ ಸಾರು ಹಾಕಿದರೆ ಚೆಲ್ಲುತ್ತದಲ್ಲ ಎಂದು ಮಾತ್ರ ಚಿಂತೆ ಮಾಡಿದಳು.

ನಾನು ಬಿಡದೆ ಕಾಡಿದೆ, ಯಾಕೆ ಹೀಗೆ ಬರೆಯುತ್ತೀ ಎಂದು. ಅವನು ಊಟದ ತಾಟನ್ನು ಮಾರು ದೂರದಲ್ಲಿಟ್ಟು, ನನ್ನ ಕೈಗೆ ಹಾಳೆ ಕೊಟ್ಟು, ಬರೆ ಅಂದ. ನಾನು ದುಂಡಗೆ ಬರೆದೆ. ನೀನು ಕುಳಿತ ಜಾಗದಿಂದ ಅದು ದುಂಡಗೆ ಕಾಣುತ್ತದೆಯೇ ಎಂದು ಕೇಳಿದ. ತಗ್ಗಿ ನೋಡಿದೆ. ಕಾಣುತ್ತಿರಲಿಲ್ಲ, ಮಲಗಿಸಿದ ಮೊಟ್ಟೆಯ ಹಾಗಿತ್ತು. ಹನ್ನೊಂದು ವರ್ಷ ದಿನಕ್ಕೆ ಮೂರು ಸಲ ತಾಟಿನ ಮುಂದೆ ಕುಳಿತವನು ತಾಟನ್ನೇ ನೋಡಿರಲಿಲ್ಲ ಎಂದು ನನಗೆ ಅವಮಾನವಾಯಿತು. ಹಾಗಾದರೆ ಮೊಟ್ಟೆಯೇ ಖರೇ ಅಂದೆ. ಅದಕ್ಕೂ ಅವನು ಒಪ್ಪಲಿಲ್ಲ. ಮೊಟ್ಟೆಯಾಕಾರದ ತಾಟಿನಲ್ಲಿ ಎಂದಾದರೂ ಉಂಡಿದ್ದೀಯೇನು ಅಂದ.

"ಕೋಚಿಂಗಿನ್ಯಾಗ ಒಂದ ಕಣ್ಣ ಮುಚ್ಚಿ, ಅಲ್ಲಾಡದಂಗ ಕುಂತು ನೋಡೂದ ಕಲಸ್ತೀನಿ. ಮನ್ಯಾಗ ಯಾರರೆ ಹಂಗ ಇರ್ತಾರೇನೊ? ಮನ್ಯಾಗ ಎರಡೂ ಕಣ್ಣ ತಗದು, ಎದ್ದು ತಿರಗ್ಯಾಡಿ ನೋಡ್ತೀವಿ. ನಾ ಅದನ್ನ ಬರ್ಯಾಕತ್ತೀನಿ."

ನನಗೆ ಅರ್ಥವಾಗಲಿಲ್ಲ. ಆದರೆ ಮಾತನಾಡುವಾಗ ಅವನು ಬ್ರಶ್ಶಿನ ಹಿಂಬದಿಯಿಂದ ಕಿವಿ ಕೆರೆದುಕೊಂಡದ್ದು ಬಹಳ ಇಷ್ಟವಾಗಿ ಅದನ್ನು ಕೂಡಲೇ ಕಲಿತುಕೊಂಡೆ.

ಆ ವರ್ಷದ ಮಳೆಗಾಲದ ಒಂದು ಮಧ್ಯಾಹ್ನ ಆಯಿ ಮೆಂತ್ಯಪಲ್ಯ ಸೋಸುತ್ತ ಕುಳಿತಿದ್ದಳು. ಕಾಕಾ ಊಟ ಮುಗಿಸಿ ಅಲ್ಲೇ ಗೋಡೆಗೆ ಒರಗಿದ್ದ. ನಾನು ನಿದ್ದೆ ಮಾಡುವವನ ನಕಲು ಮಾಡುತ್ತ ಚಾಪೆಯ ಮೇಲಿದ್ದೆ. ಆಯಿ ದಂಟನ್ನೊಂದು ಕಡೆ, ಎಲೆಯನ್ನೊಂದು ಕಡೆ ಹಾಕುತ್ತ, ಅವನ ಕಡೆ ನೋಡದೆ ಹೇಳಿದಳು:

"ಪ್ರಭ್ಯಾ, ನಿಮ್ಮಪ್ಪನ್ನ ಒಂದ ಬರದು ಕೊಡು. ಅಮಾಸಿಗೆ ಮಣಿ ಮ್ಯಾಲ ಇಡಾಕ. ನನಗ ಅವರ ಮಾರಿ ಮರತು ಹೋಗಾಕತ್ತೈತಿ."

ಕಾಕಾ ನೆಟ್ಟಗೆ ಕುಳಿತ. ಫೋಟೋ ಇದೆಯಲ್ಲ ಅಂದ. ಆಯಿ ಗೋಡೆಯ ಮೇಲಿನ ಸಾಹೇಬರತ್ತ ಒಮ್ಮೆ ನೋಡಿ, ಮತ್ತೆ ಮೆಂತ್ಯದ ಕಡೆ ತಿರುಗಿದಳು. ಇದನ್ನು ನೋಡಿ ನೋಡಿಯೇ ಅದು ಮರೆಯುತ್ತಿದೆ ಅಂದಳು. ಕಣ್ಣು ಮುಚ್ಚಿದರೂ ಈಗ ಕೋಟೇ ಬರುತ್ತದೆಯಂತೆ. ಶಾಂತಾಳಿಗೆ ಹೇಳಬೇಡ, ಪ್ರೀತಿಯಿಂದ ಮಾಡಿಸಿದ್ದಾಳೆ, ನೊಂದುಕೊಳ್ಳುತ್ತಾಳೆ ಎಂದೂ ಸೇರಿಸಿದಳು. ನಾನು ನಿದ್ದೆಯನ್ನು ಇನ್ನಷ್ಟು ಗಾಢ ಮಾಡಿಕೊಂಡೆ.

ಕಾಕಾ ಆಗಿನಿಂದ ಬೇರೆ ಏನೂ ಬರೆಯಲಿಲ್ಲ. ಮುತ್ಯಾ ಹೋದಾಗ ಅವನು ಹೈಸ್ಕೂಲು ಹುಡುಗ. ರಜೆಯ ದಿನಗಳಲ್ಲಿ ಅಬಿಡ್ಸಿನ ಅಂಗಡಿಗೆ ಮುತ್ಯಾನ ಊಟದ ಡಬ್ಬಿ ಒಯ್ಯುವ ಕೆಲಸ ಅವನದಾಗಿತ್ತು. ಗಿರಾಕಿಗಳಿದ್ದರೆ ಮುತ್ಯಾ ಏಳುವಂತಿರಲಿಲ್ಲ. ಇವನು ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಸೀರೆ ಹಾಸಿ ತೋರಿಸುವ ಗಾದಿಯ ಅಂಚಿನಲ್ಲಿ, ಅವರ ಬದಿಗೆ, ತಾಸುಗಟ್ಟಲೆ ಕೂರುತ್ತಿದ್ದ. ಈಗ ಆ ಅಂಗಡಿ ಇಲ್ಲ, ಮೊಬೈಲಿನ ಕವರು ಮಾರುವ ನಾಲ್ಕು ಮಳಿಗೆಗಳಾಗಿವೆ. ಆದರೂ ಕಾಕಾ ಎರಡು ಭಾನುವಾರ ಅಬಿಡ್ಸಿಗೆ ಹೋಗಿ, ಎದುರಿನ ಮೆಟ್ಟಿಲ ಮೇಲೆ ಕುಳಿತು ಬಂದ. ಎರಡನೆಯ ಸಲ ನಾನೂ ಬೆನ್ನು ಹತ್ತಿದ್ದೆ. ಅವನು ಏನೂ ಬರೆಯಲಿಲ್ಲ. ಮೊಬೈಲಿನ ಅಂಗಡಿಯವನು ಗಿರಾಕಿಯ ಜೊತೆ ಮಾತಾಡುವುದನ್ನು ನೋಡಿದ, ಚಹಾ ಕುಡಿದ, ಬಂದ. ತಗಡಿನ ಕೋಣೆಗೆ ನನಗೆ ಪ್ರವೇಶ ನಿಂತುಹೋಯಿತು. ಒಳಗೆ ಬಿಟ್ಟರೆ ಬರೆಯುವ ಮೊದಲೇ ಓಣಿಯ ತುಂಬ ಅದರ ನಕಲು ಮಾಡಿಬಿಡುತ್ತೀ ಅಂದ. ನನ್ನ ಬಗ್ಗೆ ಅವನ ಅಂದಾಜು ಸರಿಯಾಗಿತ್ತು, ತಾರೀಖು ಮಾತ್ರ ತಪ್ಪಿತು.

ಅಮಾವಾಸ್ಯೆ ಬಂತು. ತೆಲುಗರಿಗೂ ಅದು ಹಿರಿಯರ ಅಮಾವಾಸ್ಯೆಯೇ. ಜೊತೆಗೆ ಬತುಕಮ್ಮ ಎಂಬ ಅವರ ಹೂವಿನ ಹಬ್ಬ ಶುರುವಾಗುವ ದಿನ. ಕೆಳಗೆ ಅಂಗಳದಲ್ಲಿ ಪದ್ಮಕ್ಕ ಮತ್ತು ಅವಳ ಓರಗಿತ್ತಿಯರು ತಂಗಡಿ ಹೂವಿನ ರಾಶಿಯ ನಡುವೆ ಕುಳಿತು ತಟ್ಟೆಯ ಮೇಲೆ ಗೋಪುರ ಕಟ್ಟುತ್ತಿದ್ದರು. ಮೇಲೆ ನಮ್ಮಲ್ಲಿ ಹೂರಣದ ವಾಸನೆ. ಉಪ್ಪಲ್ ದಾರಿಯಲ್ಲಿ ಆಗಿನ್ನೂ ಮೆಟ್ರೋದ ಕಂಬಗಳು ಮಾತ್ರ ಎದ್ದಿದ್ದವು, ಮೇಲೆ ಏನೂ ಓಡುತ್ತಿರಲಿಲ್ಲ; ಅತ್ತಿ ಎರಡು ಬಸ್ಸು ಬದಲಿಸಿ, ಹೂವಿನ ಹಾರ ಬಾಡದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಮುಚ್ಚಳ ಎತ್ತಿ ನೋಡಿದಳು. ಹೂಂ ಅಂದಳು. ಸೀದಾ ಹೋಗಿ ಗೋಡೆಯಿಂದ ಫೋಟೋ ಇಳಿಸಿ ಒರೆಸತೊಡಗಿದಳು. ಆಗಲೇ ಕಾಕಾ ತಾರಸಿಯಿಂದ ಹಳೆಯ ಹಾಸಿಗೆಯ ಚಾದರ ಮುಚ್ಚಿದ ಕ್ಯಾನ್ವಾಸು ಎತ್ತಿಕೊಂಡು ಇಳಿದು ಬಂದದ್ದು. ಮಣೆಯ ಪಕ್ಕ ಗೋಡೆಗೆ ಆನಿಸಿಟ್ಟ. ಚಾದರ ತೆಗೆದ.

ಮೊದಲು ಕಂಡದ್ದು ಸೀರೆ. ಗಾಳಿಯಲ್ಲಿ ಹಾರಿಸಿದ ಒಂದು ನೇರಳೆ ಸೀರೆ, ಹಳದಿ ಅಂಚು, ಒಡೆದ ಕನ್ನಡಿಯ ಚೂರುಗಳ ಹಾಗೆ ಮೂಲೆಮೂಲೆಗೆ ಹೋಗಿತ್ತು. ಕೆಳಗೆ ಬಿಳಿ ಗಾದಿ, ಮಾಳಿಗೆಯ ಮೇಲಿನಿಂದ ಇಣುಕಿದ ಹಾಗೆ ಚೌಕವಾಗಿ. ಗಾದಿಯ ಮೇಲೆ ಬಿಳಿ ಅಂಗಿಯ ಒಬ್ಬ ಬಡಕಲು ಮನುಷ್ಯ, ಒಂದು ಕಾಲು ಮಡಚಿ ಒಂದು ಮೊಣಕಾಲು ಎತ್ತಿ. ಮುಖದ ಅರ್ಧ ನಮ್ಮ ಕಡೆ, ಅರ್ಧ ಎಡಕ್ಕೆ. ಒಂದು ಕಣ್ಣು ನಮ್ಮನ್ನು ನೋಡುತ್ತಿದೆ, ಇನ್ನೊಂದು ಬೇರೆ ಯಾರನ್ನೋ. ಮೂಗು ಎರಡು ಸಲ ಬಂದಿದೆ. ಕೈ ಮೂರು: ಒಂದು ಸೀರೆ ಎಸೆಯುತ್ತದೆ, ಒಂದು ಅಂಚು ಹಿಡಿದಿದೆ, ಒಂದು ತಡೆಯಿರಿ ಅನ್ನುವ ಹಾಗೆ ಎದ್ದಿದೆ. ಕೆಳಗಿನಿಂದ ಹೆಂಗಸರ ಹಾಡು ಕೇಳುತ್ತಿತ್ತು. ಅತ್ತಿ ಒರೆಸುವ ಬಟ್ಟೆ ಕೆಳಗಿಟ್ಟಳು.

"ಇದೇನೊ ಪ್ರಭ್ಯಾ, ಅಪ್ಪಗ ಲಕ್ವಾ ಹೊಡದಂಗ ಬರದೀಯಲ್ಲೋ."

ಆಮೇಲೆ ಅವಳ ಮಾತು ನಿಲ್ಲಲಿಲ್ಲ. ಮೂರು ಕೈ ಯಾಕೆ ಎಂದು ಕೇಳಿದಳು. ಸತ್ತವರನ್ನು ಹೀಗೆ ಚೂರು ಚೂರು ಮಾಡಿ ಮಣೆಯ ಮೇಲಿಟ್ಟು ಕೈ ಹೇಗೆ ಮುಗಿಯುವುದು ಅಂದಳು. ಕೊನೆಗೆ ಅಸಲು ಮಾತು ಹೊರಗೆ ಬಂತು. ಜೀವಮಾನವೆಲ್ಲ ನಮ್ಮಪ್ಪ ಮಂದಿಯ ಮುಂದೆ ನೆಲದ ಮೇಲೆ ಕುಳಿತು ಸೀರೆ ಹಾಸಿದರು, ಮಡಚಿದರು. ಸತ್ತ ಮೇಲಾದರೂ ಕೋಟು ಹಾಕಿಕೊಂಡು ಕುರ್ಚಿಯ ಮೇಲೆ ಕೂರಲಿ ಅಂತ ನಾನು ಮಾಡಿಸಿದೆ. ನೀನು ಮತ್ತೆ ಅವರನ್ನು ಅದೇ ಗಾದಿಗೆ ಇಳಿಸಿದೆಯಲ್ಲ ಅಂದಳು. ಅಪ್ಪ ಎರಡೂ ಕಡೆಯವರಿಗೆ ಒಪ್ಪಿಗೆಯಾಗುವ ಹಾಗೆ, ಚಿತ್ರ ಚೆನ್ನಾಗಿಯೇ ಇದೆ, ಇವತ್ತು ಮಾತ್ರ ಮೇಲಿನ ಕೋಣೆಯಲ್ಲಿರಲಿ ಅಂದ. ಕಾಕಾ ಅವರಿಬ್ಬರ ಮಾತು ಕೇಳುತ್ತಿರಲಿಲ್ಲ, ಆಯಿಯನ್ನು ನೋಡುತ್ತಿದ್ದ. ಆಯಿ ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡು, ಚಿತ್ರದ ಹತ್ತಿರ ಹೋಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ಬಾಗಿಸಿ ನೋಡಿದಳು. ತುಂಬ ಹೊತ್ತು ನೋಡಿದಳು.

"ನನಗ ತಿಳೀವಲ್ದಪ್ಪಾ. ಇದರಾಗ ಅವರ ಎಲ್ಲಿ ಅದಾರು?"

ಕಾಕಾ ದಿನವಿಡೀ ಮಕ್ಕಳಿಗೆ ಚಿತ್ರ ವಿವರಿಸುವವನು. ಅಂಥವನು ಬಗ್ಗಿ ಚಾದರ ಎತ್ತಿಕೊಂಡ.

ಆ ಗಳಿಗೆಯಲ್ಲಿ ಒಳ್ಳೆಯ ಹುಡುಗನಾದವನು ಕಾಕಾನ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದ. ನನಗೆ ಕಂಡದ್ದು ಬೇರೆ: ಎಲ್ಲರ ಮುಖ ಬಿಗಿದಿದೆ, ಯಾರಾದರೂ ನಗಿಸಿದರೆ ಹೋಳಿಗೆ ಬೇಗ ಸಿಗುತ್ತದೆ. ಮಣೆಯ ಮುಂದೆ ಹಾಸಿದ ಚಾಪೆಯ ಮೇಲೆ ಕುಳಿತೆ. ಒಂದು ಕಾಲು ಮಡಚಿದೆ, ಒಂದು ಮೊಣಕಾಲು ಎತ್ತಿದೆ. ಅತ್ತಿ ಕೆಳಗಿಟ್ಟಿದ್ದ ಒರೆಸುವ ಬಟ್ಟೆ ಎಳೆದುಕೊಂಡು ಸೀರೆ ಮಾಡಿಕೊಂಡೆ. ಇನ್ನು ಮುಖ ಬೇಕಿತ್ತು. ಅರ್ಧ ಮುಂದೆ, ಅರ್ಧ ಎಡಕ್ಕೆ. ಎಷ್ಟು ಸೊಟ್ಟ ಮಾಡಿದರೂ ನನ್ನ ಮುಖಕ್ಕೆ ಅದು ಬರಲಿಲ್ಲ. ಕೈಗಳಂತೂ ಇದ್ದದ್ದೇ ಎರಡು. ಹಾಗಾಗಿ ಕ್ಯಾನ್ವಾಸಿನ ಮೇಲೆ ಒಟ್ಟಿಗೆ ಇದ್ದದ್ದನ್ನು ನಾನು ಒಂದಾದ ಮೇಲೆ ಒಂದು ಮಾಡಬೇಕಾಯಿತು. ಬಟ್ಟೆಯನ್ನು ಗಾಳಿಗೆ ಎಸೆದೆ. ಅದು ಬೀಳುವ ಮೊದಲು ಅಂಚು ಹಿಡಿದೆ. ಮುಂದೆ ನೋಡಿದೆ, ಥಟ್ಟನೆ ಎಡಕ್ಕೆ ನೋಡಿದೆ, ತಡೆಯಿರಿ ಎಂದು ಕೈ ಎತ್ತಿದೆ, ಮತ್ತೆ ಮುಂದೆ. ಎಡಕ್ಕೆ. ಮುಂದೆ. ಚಿತ್ರದ ಹಾಗೆಯೇ ಆಗಲಿ ಎಂದು ವೇಗ ಹೆಚ್ಚಿಸಿದೆ. ಇನ್ನೂ ಬೇಗ ಮಾಡಿದರೆ ಎರಡೂ ಮುಖ ಒಟ್ಟಿಗೆ ಕಂಡಾವು ಎಂಬ ಹುಚ್ಚು ಹಟ.

ಯಾರೂ ನಗಲಿಲ್ಲ. ತಲೆ ಎತ್ತಿ ನೋಡಿದೆ. ಅಪ್ಪ ನೆಟ್ಟಗೆ ನಿಂತುಕೊಂಡಿದ್ದ. ಅವನ ಎಡಗೈ ತಾನಾಗಿ ಮೇಲೆದ್ದು ಅಂಗಿಯ ಗುಂಡಿ ಹಾಕುತ್ತಿತ್ತು. ಫೋನು ಬಂದಿರಲಿಲ್ಲ. ನನ್ನನ್ನು ಕಂಡು ಅಪ್ಪ ಗುಂಡಿ ಹಾಕಿಕೊಂಡದ್ದು ಅದೇ ಮೊದಲು, ಅದೇ ಕೊನೆ. ಅತ್ತಿಯ ಕೈ ಬಾಯಿಯ ಮೇಲಿತ್ತು. ಆಯಿ ಎರಡು ಹೆಜ್ಜೆ ಹತ್ತಿರ ಬಂದಿದ್ದಳು.

"ಇನ್ನೊಮ್ಮೆ ಮಾಡು."

ಹೊಡೆಯುವ ಮೊದಲು ಖಾತ್ರಿ ಮಾಡಿಕೊಳ್ಳುತ್ತಿದ್ದಾಳೆಂದು ತಿಳಿದು ನಾನು ಮೆಲ್ಲಗೆ ಮಾಡಿದೆ.

"ಹಂಗಲ್ಲ. ಗದ್ದಾ ಸ್ವಲ್ಪ ಮ್ಯಾಲ ಎತ್ತು. ಹಾಂ. ಈಗ ಆಕಡಿ ನೋಡು. ಆಕಿನ್ನ ನೋಡಿದ್ದು ಈಕಿಗೆ ಗೊತ್ತಾಗಬಾರದು."

ಆಕೆ ಯಾರು, ಈಕೆ ಯಾರು ಎಂದು ನನಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದವಳು ಅತ್ತಿ, ಅರ್ಧ ನಗುತ್ತ ಅರ್ಧ ಅಳುತ್ತ. ಮದುವೆಯ ಸೀರೆಗೆ ಯಾವಾಗಲೂ ಇಬ್ಬರು ಬರುತ್ತಿದ್ದರು, ಅತ್ತೆ ಮತ್ತು ಸೊಸೆಯಾಗುವ ಹುಡುಗಿ. ಅತ್ತೆ ಬಾಯಿಬಿಟ್ಟು ಒಂದು ಬಣ್ಣ ಕೇಳುತ್ತಾಳೆ, ಹುಡುಗಿಯ ಕಣ್ಣು ಇನ್ನೊಂದರ ಮೇಲಿರುತ್ತದೆ. ಮುತ್ಯಾ ಅತ್ತೆಗೆ ಸೀರೆ ತೋರಿಸುತ್ತಲೇ ಹುಡುಗಿಯ ಕಣ್ಣು ಓದುತ್ತಿದ್ದರು. ಹುಡುಗಿಗೆ ಬೇಕಾದದ್ದನ್ನು ಅತ್ತೆಯೇ ಆರಿಸಿದ ಹಾಗೆ ಮಾಡಿ ಕಳಿಸುತ್ತಿದ್ದರು. ಮನೆಯಲ್ಲೂ ಹಾಗೆಯೇ ಊಟಕ್ಕೆ ಕೂರುತ್ತಿದ್ದರಂತೆ, ಒಂದು ಕಣ್ಣು ತಾಟಿನ ಮೇಲೆ, ಒಂದು ಕಣ್ಣು ಯಾರ ತಾಟಿನಲ್ಲಿ ಏನು ಮುಗಿದಿದೆ ಎಂಬುದರ ಮೇಲೆ. ಒಂದೇ ಕಡೆ ನೋಡುತ್ತ ಸುಮ್ಮನೆ ಕುಳಿತ ನಮ್ಮಪ್ಪನನ್ನು ನಾನು ನೋಡಿಯೇ ಇಲ್ಲ ಅಂದಳು ಅತ್ತಿ. ಅಂದವಳು ತನ್ನ ಕೈಯಲ್ಲಿದ್ದ, ಒಂದೇ ಕಡೆ ನೋಡುತ್ತ ಸುಮ್ಮನೆ ಕುಳಿತವರ ಫೋಟೋವನ್ನು ಒಮ್ಮೆ ನೋಡಿ ಎದೆಗೆ ಆನಿಸಿಕೊಂಡಳು.

ಆಯಿ ಈಗ ಕ್ಯಾನ್ವಾಸಿನ ಮುಂದೆ ಕುಳಿತಿದ್ದಳು. ನನ್ನನ್ನು ನೋಡುತ್ತಾಳೆ, ಚಿತ್ರವನ್ನು ನೋಡುತ್ತಾಳೆ, ಮತ್ತೆ ನನ್ನನ್ನು. ಬೆರಳಿನಿಂದ ಒಂದು ಮೂಗು ಮುಟ್ಟಿ, ಆಮೇಲೆ ಇನ್ನೊಂದು ಮೂಗು ಮುಟ್ಟಿದಳು. ಮೂರೂ ಕೈಗಳನ್ನು ಎಸೆಯುವ, ಹಿಡಿಯುವ, ತಡೆಯುವ ಸರದಿಯಲ್ಲಿ ಮುಟ್ಟುತ್ತ ಹೋದಳು. ಆಮೇಲೆ ಕಾಕಾನಿಗೆ, ಅಲ್ಲಿ ಯಾಕೆ ನಿಂತಿದ್ದೀ, ಎತ್ತಿ ಮಣೆಯ ಮೇಲಿಡು, ಹೊತ್ತಾಯಿತು ಅಂದಳು. ಕಾಕಾ ಇಟ್ಟ. ಆಮೇಲೆ ಚಾದರ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಅದನ್ನು ನಾನು ಇಂದಿನವರೆಗೂ ನಕಲು ಮಾಡಿಲ್ಲ, ನನ್ನ ಲೆಕ್ಕದಲ್ಲಿ ಅದೊಂದೇ ಪುಣ್ಯ. ಅವ್ವ ಎಲೆ ಹಾಸಿದಳು. ಬತುಕಮ್ಮ ಕಟ್ಟಿ ಉಳಿದ ತಂಗಡಿ ಹೂವನ್ನು ಪದ್ಮಕ್ಕ ಬುಟ್ಟಿಯಲ್ಲಿ ತಂದುಕೊಟ್ಟಳು. ಚಿತ್ರ ನೋಡಿ, ತೆಲುಗಿನಲ್ಲಿ, ತಾತನವರು ಬಹಳ ಕೆಲಸದಲ್ಲಿದ್ದಾರೆ ಅನ್ನಿಸುತ್ತದೆ ಎಂದು ಹೇಳಿ ಹೋದಳು. ಕಲೆಯ ಬಗ್ಗೆ ಆಮೇಲೆ ನಾನು ಕೇಳಿದ ಮಾತುಗಳಲ್ಲಿ ಅದಕ್ಕಿಂತ ಒಳ್ಳೆಯದು ಹೆಚ್ಚಿಲ್ಲ.

ಆಯಿ ಬಡಿಸತೊಡಗಿದಳು. ಮಣೆಗೆ ಎಷ್ಟು ಹತ್ತಿರ ಕುಳಿತಳೆಂದರೆ ಮೊಣಕಾಲು ಎಲೆಗೆ ತಾಗುತ್ತಿತ್ತು. ಎಲೆಯ ಮೇಲೆ ಎರಡು ಹೋಳಿಗೆ ಹಾಕಿ, ತುಪ್ಪ ಬಿಟ್ಟು, ಮಂದಿಯ ಸೀರೆ ಸಾಕು, ಬಿಸಿ ಇರುವಾಗಲೇ ಉಣ್ಣಿರಿ ಎಂದು ಚಿತ್ರಕ್ಕೆ ಮೆಲ್ಲಗೆ ಗದರಿದಳು. ಬಗ್ಗಿದಾಗ ಅವಳ ಸೆರಗು ಹೆಗಲಿಗೆ ಜಾರಿತ್ತು. ಅದನ್ನು ತಲೆಗೆ ಎಳೆದುಕೊಳ್ಳಲಿಲ್ಲ. ಅತ್ತಿ ಅದನ್ನೇ ನೋಡುತ್ತಿದ್ದಳು. ಫೋಟೋ ಇನ್ನೂ ಅವಳ ಎದೆಗೆ ಆನಿಕೊಂಡಿತ್ತು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಳು:

"ಯವ್ವಾ, ಇಷ್ಟ ವರ್ಷ ಅಪ್ಪನ ಮುಂದ ಸೆರಗ ಹೊಚ್ಚಿ ಬಡಸ್ತಿದ್ದಿ. ಇವತ್ತ ತಲಿ ಬಿಟಗೊಂಡು ಕುಂತೀಯಲ್ಲ?"

ಆಯಿ ಕಟ್ಟಿನ ಸಾರಿನ ಸೌಟು ಎಲೆಯ ಮೇಲೆ ಬಗ್ಗಿಸಿ, ತಿರುಗದೆಯೇ ಹೇಳಿದಳು:

"ಗಂಡನ ಮುಂದ ಯಾಕ ಹೊಚ್ಚಲಿ? ಆ ಕೋಟಿನವರು ಹೊರಗಿನ ಮಂದಿ, ಅದಕ್ಕ ಹೊಚ್ಚತಿದ್ದೆ. ಇಷ್ಟ ವರ್ಷ ನಾ ಉಣಿಸೀನಿ. ಇನ್ನ ನಿನ್ನ ಮನ್ಯಾಗ ಉಣ್ಲಿ, ಕರಕೊಂಡ ಹೋಗು."